ತೋಟದ ದುಡಿಮೆ ಮತ್ತು ಕಾಯಕತತ್ತ್ವ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಬದುಕು ಬಹುಮಟ್ಟಿಗೆ ಅಡಿಕೆ, ಕಾಫಿ ತೋಟಗಳನ್ನು ನೆಚ್ಚಿದೆ. ಅಲ್ಲಿ ‘ಕಾಯಕ’ವೆಂಬ ಮಾತು ಆಳುಗಳಿಗೆ ಹೇಳುವ ಬುದ್ಧಿವಾದವಾಗಿ ಕೇಳಿಬರುವುದುಂಟು. ಶರಣರ ಅಭಿಪ್ರಾಯ ಅದಲ್ಲ.

ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ತಂದರು. ಪತ್ನಿ ಲಕ್ಕಮ್ಮನವರು ಅದನ್ನೊಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದುಬರುವಂತೆ ಹಿಂದಕ್ಕೆ ಕಳುಹಿಸಿದರು. ಕಾಯಕದ ಕಟ್ಟುಪಾಡು ಇಲ್ಲಿ ಮಿಗಿಲಾದುದು ಯಾರ ಕೈಸೇರಿತೋ ಅವರ ಮೇಲಿದೆ. ಆದುದರಿಂದ ತೋಟದಲ್ಲಿ ಈ ತತ್ತ್ವದ ಮೊದಲ ಪ್ರಶ್ನೆ ಒಡೆಯನಿಗೇ.

ಕಾಫಿ ಕುಯ್ಲನ್ನೇ ನೋಡಬಹುದು. ಗಿಡದ ಹಣ್ಣೆಲ್ಲ ಒಮ್ಮೆಗೇ ಮಾಗುವುದಿಲ್ಲ. ಅದೇ ಗಿಡಕ್ಕೆ ಮತ್ತೆ ಮತ್ತೆ ಬರಬೇಕು. ಕೆಂಪಾದುದನ್ನಷ್ಟೇ ಬಿಡಿಸಿ ಹಸಿರನ್ನು ಉಳಿಸುವ ವಿವೇಕ ಕುಯ್ಯುವ ಹೆಂಗಸಿನ ಬೆರಳುಗಳಲ್ಲಿದೆ. ಕೂಲಿಯನ್ನು ಕೇವಲ ತೂಕಕ್ಕೆ ಗಂಟುಹಾಕಿದರೆ ಆ ವಿವೇಕಕ್ಕೆ ಬೆಲೆಯೆಲ್ಲಿ? ಹಸಿರುಕಾಯಿಯೂ ಚೀಲ ಸೇರುತ್ತದೆ. ಬಳಿಕ ಆಕೆಗೆ ಶ್ರದ್ಧೆಯಿಲ್ಲವೆಂದು ದೂರುವುದು ನ್ಯಾಯವಲ್ಲ. ತಾನು ಬಿಡಿಸಿದ ಹಣ್ಣು ಪಲ್ಪರಿನಲ್ಲಿ, ಕಣದಲ್ಲಿ ಏನಾಯಿತೆಂಬುದನ್ನು ಆಕೆಗೆ ತೋರಿಸಿದವರಾದರೂ ಎಷ್ಟು ಮಂದಿ!

1951ರ ತೋಟ ಕಾರ್ಮಿಕರ ಕಾಯಿದೆಯು ವಸತಿ, ಕುಡಿಯುವ ನೀರು, ವೈದ್ಯಸಹಾಯಗಳನ್ನು ದೊಡ್ಡ ತೋಟಗಳ ಒಡೆಯರ ಹೊಣೆಯಾಗಿಸಿತು. ಇವನ್ನು ದಾಸೋಹವೆಂದು ಕರೆದುಕೊಳ್ಳುವುದು ಸಲ್ಲದು. ಇವು ದುಡಿಯುವವರಿಗೆ ಸಲ್ಲತಕ್ಕ ಬಾಕಿ. ಕಾಯಕದ ಮಾತು ಆ ಬಾಕಿ ತೀರಿದ ಮೇಲಿನದು.

ಅಡಿಕೆ ತೋಟದಲ್ಲಿಯೂ ಹೀಗೆಯೇ. ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ ಸಿಂಪಡಿಸುವುದು ಮಳೆಗಾಲದ ಕೆಲಸ. ಜಾರುವ ಮರವನ್ನು ಇಂದು ಏರಬಹುದೇ, ಬಾರದೇ ಎಂಬ ನಿರ್ಣಯವನ್ನು ಕೊನೆಗಾರನಿಗೇ ಬಿಡಬೇಕು. ಮರವನ್ನು ಬಲ್ಲವನು ಅವನು.