ವೈಜಯಂತಿಯ ಸೆಟ್ಟಿ ಕಂಡ ಬೆಟ್ಟ

ಕರ್ಜತ್ ಸ್ಟೇಷನ್ನಿನಲ್ಲಿ ಪುಣೆ ಕಡೆಯ ರೈಲು ನಿಂತು ಸ್ವಲ್ಪ ಹೊತ್ತಾದ ಮೇಲೆ ಹಿಂದಿನ ಬೋಗಿಗಳಿಗೆ ಒಂದು ನೂಕು ತಗಲುತ್ತದೆ. ಕೈಯಲ್ಲಿದ್ದ ಚಹಾ ತುಳುಕುತ್ತದೆ. ಹೊಸಬರು ಗಾಬರಿಯಿಂದ ಕಿಟಕಿಯಾಚೆ ಇಣುಕುತ್ತಾರೆ. ದಿನಾ ಓಡಾಡುವವರು ವಡಾಪಾವ್ ಸುತ್ತಿದ ಕಾಗದ ಬಿಚ್ಚುತ್ತಾ ‘ಬ್ಯಾಂಕರ್ ಬಂತು’ ಎನ್ನುತ್ತಾರೆ. ಹಿಂದಿನಿಂದ ರೈಲನ್ನು ಘಟ್ಟಕ್ಕೆ ನೂಕಿ ಹತ್ತಿಸುವ ಹೆಚ್ಚುವರಿ ಎಂಜಿನ್ನುಗಳವು. ಮುಂದಿರುವುದು ಬೋರ್ ಘಾಟ್. 37 ಅಡಿ ಸಾಗುವಷ್ಟರಲ್ಲಿ ಒಂದಡಿ ಮೇಲೇರುವ ಹಳಿ, ಒಂದರ ಬೆನ್ನಿಗೆ ಒಂದು ಸುರಂಗ, ನಡುವೆ ಕ್ಷಣಮಾತ್ರ ತೆರೆದು ಮುಚ್ಚಿಕೊಳ್ಳುವ ಕಣಿವೆ. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಮುಂಬೈಗೆ ಬಂದವರೆಲ್ಲ ಈ ಘಟ್ಟವನ್ನು ಇಳಿದವರೇ. ಆದರೆ ಅಷ್ಟು ಹೊತ್ತಿಗೆ ಎಲ್ಲರೂ ಸೀಟಿನಡಿಯ ಸಾಮಾನು ಎಳೆಯುವ ಗಡಿಬಿಡಿಯಲ್ಲಿರುತ್ತಾರೆ.

ಊರಿನಿಂದ ನೆಂಟರು ಬಂದರೆ ನಾವು ಮುಂಬೈ ಕನ್ನಡಿಗರು ಅವರಿಗೆ ಗೇಟ್‌ವೇ, ಮರೀನ್ ಡ್ರೈವ್, ಸಿದ್ಧಿವಿನಾಯಕ, ಜುಹೂ ತೋರಿಸಿ ರೈಲು ಹತ್ತಿಸುತ್ತೇವೆ. ಇಷ್ಟು ಸಾಲದು ಎಂಬುದು ನನ್ನ ಬಹುದಿನದ ತಕರಾರು. ಬೆಳಿಗ್ಗೆ ಹೊರಟು ರಾತ್ರಿಯ ಊಟಕ್ಕೆ ಮನೆ ಸೇರಬಹುದಾದ ದೂರದಲ್ಲಿ ಈ ನಗರಕ್ಕೆ ಬೆಟ್ಟವೂ ಇದೆ, ಕಡಲೂ ಇದೆ. ಅಲ್ಲಿನ ಕಲ್ಲುಗಳ ಮೇಲೆ ನಮ್ಮ ನಾಡಿನವರ ಹೆಸರೂ ಇದೆ.

ಘಟ್ಟದ ರೈಲುದಾರಿ ತೆರೆದದ್ದು 1863ರಲ್ಲಿ. ಅದರ ಗುತ್ತಿಗೆ ಹಿಡಿದಿದ್ದ ಸಾಲೊಮನ್ ಟ್ರೆಡ್‌ವೆಲ್ 1859ರಲ್ಲಿ ಇಲ್ಲಿಗೆ ಬಂದಿಳಿದ ಕೆಲವೇ ದಿನಗಳಲ್ಲಿ ತೀರಿಕೊಂಡಾಗ ಕೆಲಸವನ್ನು ಕೈಗೆತ್ತಿಕೊಂಡು ಮುಂದುವರಿಸಿದವಳು ಅವನ ಹೆಂಡತಿ ಆಲಿಸ್. ಆದರೆ ದಾರಿ ರೈಲಿಗಿಂತ ಬಹಳ ಹಳೆಯದು. ಸೋಪಾರಾ, ಕಲ್ಯಾಣ ಬಂದರುಗಳಲ್ಲಿ ಇಳಿದ ಸರಕು ಎತ್ತುಗಳ ಬೆನ್ನೇರಿ ದಖ್ಖನ್ನಿಗೆ ಹೋಗುತ್ತಿದ್ದದ್ದು ಈ ಕಣಿವೆಗಳಿಂದಲೇ. ಆ ದಾರಿಯ ಮಗ್ಗುಲಲ್ಲಿ ಬೌದ್ಧ ಭಿಕ್ಷುಗಳು ಬಂಡೆ ಕೊರೆದು ನೆಲೆಸಿದರು. ದಾರಿಹೋಕ ವರ್ತಕರು ದಾನ ಕೊಟ್ಟರು. ಕಾರ್ಲಾ, ಭಾಜಾ, ಬೇಡ್ಸಾ ಗುಹೆಗಳೆಲ್ಲ ಹಾಗೆ ಹುಟ್ಟಿದವು.

ಲೋನಾವಳಾದಲ್ಲಿ ಇಳಿದು ಪುಣೆ ಲೋಕಲ್ ಹಿಡಿದರೆ ಮುಂದಿನ ಸ್ಟೇಷನ್ನೇ ಮಳವಲಿ. ಅಲ್ಲಿಂದ ಕಾರ್ಲಾ ಬೆಟ್ಟದ ಬುಡಕ್ಕೆ ರಿಕ್ಷಾ ಸಿಗುತ್ತದೆ. ಹೂವು, ತೆಂಗಿನಕಾಯಿ, ಕೋಕಂ ಶರಬತ್ತಿನ ಅಂಗಡಿಗಳ ನಡುವೆ ಮೆಟ್ಟಿಲು ಹತ್ತಿ ಮೇಲೆ ಬಂದರೆ ಚೈತ್ಯದ ಮುಂಭಾಗ ಒಮ್ಮೆಲೇ ಎದುರಾಗುತ್ತದೆ. ಒಳಗೆ ಎರಡು ಸಾಲಿನಲ್ಲಿ ಹದಿನೈದು ಹದಿನೈದು ಕಂಬ, ಸ್ತೂಪದ ಹಿಂದೆ ಇನ್ನೂ ಏಳು. ಎರಡು ಸಾಲಿನ ಕಂಬಗಳ ನೆತ್ತಿಯ ಮೇಲೆ ಮಂಡಿಯೂರಿದ ಆನೆಗಳು, ಅವುಗಳ ಮೇಲೆ ಜೋಡಿ ಸವಾರರು. ತಲೆಯೆತ್ತಿ ನೋಡಿದರೆ ಕಮಾನು ಛಾವಣಿಗೆ ಪಕ್ಕೆಲುಬಿನ ಹಾಗೆ ಮರದ ತೊಲೆಗಳು ಅಂಟಿಕೊಂಡಿವೆ. ಸುಮಾರು ಎರಡು ಸಾವಿರ ವರ್ಷದ ಮರ! ಘಟ್ಟದ ಅಷ್ಟು ಮಳೆಗಾಲಗಳನ್ನು ಕಳೆದೂ ಅದು ಅಲ್ಲೇ ಇದೆ. ಚೈತ್ಯ ಪಡುವಣಕ್ಕೆ ಮುಖ ಮಾಡಿರುವುದರಿಂದ ಮಧ್ಯಾಹ್ನದ ಮೇಲೆ ಹೋಗುವುದು ಒಳ್ಳೆಯದು. ಲಾಳದಾಕಾರದ ದೊಡ್ಡ ಕಿಟಕಿಯಿಂದ ಇಳಿಬಿಸಿಲು ಒಳಬರುತ್ತದೆ.

ವರಾಂಡದ ಎಡಗಡೆ ಬ್ರಾಹ್ಮಿ ಲಿಪಿಯ ಸಾಲೊಂದಿದೆ. ಭಾಷೆ ಪ್ರಾಕೃತ. ಇಡೀ ಜಂಬೂದ್ವೀಪದಲ್ಲೇ ಮಿಗಿಲಾದ ಈ ಕಲ್ಮನೆಯನ್ನು ಪೂರೈಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲ ಎಂಬುದು ಅದರ ತಾತ್ಪರ್ಯ. ವೈಜಯಂತಿ ಎಂದರೆ ನಮ್ಮ ಉತ್ತರ ಕನ್ನಡದ ಬನವಾಸಿ ಎಂದು ವಿದ್ವಾಂಸರು ಗುರುತಿಸಿದ್ದಾರೆ. ವರದೆಯ ದಂಡೆಯ ಸೆಟ್ಟಿಯೊಬ್ಬ ಇಷ್ಟು ದೂರ ಬಂದು ಹಣ ಸುರಿದು, ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ ಎಂದು ಬರೆಸಿದ. ಆ ಹೆಮ್ಮೆ ಸುಳ್ಳಲ್ಲ ಎಂದು ಒಳಗೆ ಕಾಲಿಟ್ಟವರಿಗೆಲ್ಲ ಗೊತ್ತಾಗುತ್ತದೆ. ಮೊದಲ ಸಲ ಅದರ ಅರ್ಥ ತಿಳಿದು ಆ ಗೋಡೆಯ ಮುಂದೆ ನಿಂತಾಗ ನನ್ನ ಗಂಟಲು ಕಟ್ಟಿತ್ತು. ಹೊಟ್ಟೆಪಾಡಿಗೆ ಈ ಕಡೆ ಬಂದ ಕನ್ನಡ ನಾಡಿನವರಲ್ಲಿ ಮೊದಲಿಗರು ನಾವಲ್ಲ.

ಅದೇ ಅಂಗಳದಲ್ಲಿ, ಚೈತ್ಯದ ಬಾಗಿಲಿಗೇ ಅಡ್ಡವಾಗಿ ಎನ್ನುವಂತೆ, ಏಕವೀರಾ ದೇವಿಯ ಗುಡಿಯಿದೆ. ಅವಳು ಮುಂಬೈಯ ಕೋಳಿ ಮೀನುಗಾರರ ಕುಲದೇವತೆ. ವರ್ಲಿ, ವರ್ಸೋವಾ, ಮಾಹಿಮ್‌ನ ಕೋಳಿವಾಡಗಳ ಜನ ಚೈತ್ರದ ಜಾತ್ರೆಗೆ ಪಾಲಕಿ ಹೊತ್ತು, ಡೋಲು ಬಡಿದುಕೊಂಡು ಘಟ್ಟ ಹತ್ತುತ್ತಾರೆ. ಕಡಲಿನ ಮಕ್ಕಳಿಗೆ ಬೆಟ್ಟದ ತಾಯಿ. ಪುರಾತತ್ವದ ಹುಡುಕಾಟದಲ್ಲಿ ಬರುವ ಕೆಲವರಿಗೆ ಈ ಗದ್ದಲ ಕಿರಿಕಿರಿ ತರುತ್ತದೆ. ನನಗೆ ಮಾತ್ರ ಈ ಜಾಗದ ಜೀವವೇ ಅದು ಅನ್ನಿಸುತ್ತದೆ. ಜನ ಬಂದು ಹೋಗುತ್ತಿದ್ದ ದಾರಿಯ ಗುಹೆಯಿದು, ಈಗಲೂ ಜನ ಬರುತ್ತಿದ್ದಾರೆ.

ಮಳೆಗಾಲದ ಲೋನಾವಳಾದ ಬಗ್ಗೆ ಒಂದು ಮಾತು ಹೇಳಲೇಬೇಕು. ಜೂನ್‌ನಿಂದ ಭುಶಿ ಅಣೆಕಟ್ಟಿನ ಸುತ್ತ ಜಾತ್ರೆಯೇ ನೆರೆಯುತ್ತದೆ. 2024ರ ಜೂನ್ 30ರಂದು ಅದರ ಹಿಂಬದಿಯ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಘಟ್ಟದ ನೆತ್ತಿಯಲ್ಲಿ ಎಲ್ಲೋ ಸುರಿದ ಮಳೆ ಕೆಳಗಿನ ಹಳ್ಳವನ್ನು ನಿಮಿಷಗಳಲ್ಲಿ ತುಂಬಿಬಿಡುತ್ತದೆ. ನೀರನ್ನು ದಂಡೆಯಿಂದ ನೋಡಿ. ಹರಿವಿನ ನಡುವೆ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಯಬೇಡಿ.

ಬೆಟ್ಟದ ತಂಪು ಮಾತ್ರ ಸಾಕೆನ್ನುವವರಿಗೆ ಮಾಥೆರಾನ್ ಇದೆ. ನೇರಳ್‌ನಿಂದ ಎರಡಡಿ ಅಗಲದ ಹಳಿಯ ಮೇಲೆ ಪುಟ್ಟ ರೈಲು ಹತ್ತುತ್ತದೆ. ಆದಮ್‌ಜಿ ಪೀರ್‌ಭಾಯ್ ಕುಟುಂಬ ಹಾಕಿಸಿದ ಆ ಹಳಿ 1907ರಿಂದ ಇದೆ, ಮಳೆಗಾಲದಲ್ಲಿ ಓಡಾಟ ನಿಲ್ಲುತ್ತದೆ. ನಿಮ್ಮ ಕಾರು ದಸ್ತೂರಿ ನಾಕಾದಲ್ಲೇ ನಿಲ್ಲಬೇಕು. ಆಮೇಲೆ ಕೆಂಪು ಮಣ್ಣು, ನೆರಳು, ಕುದುರೆಯ ಗೊರಸಿನ ಸದ್ದು. ಮುದುಕರನ್ನು ಕರೆದುಕೊಂಡು ಹೋಗಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಆದರೆ ಒಂದೇ ಒಂದು ರಜೆ ಇದೆ, ಎಲ್ಲಿಗೆ ಹೋಗಲಿ ಎಂದು ಕೇಳಿದರೆ ನಾನು ಹೇಳುವುದು ಕಾನ್ಹೇರಿ. ಅದಕ್ಕೆ ನಗರ ಬಿಡುವ ಅಗತ್ಯವೂ ಇಲ್ಲ. ಬೋರಿವಲಿಯಲ್ಲಿ ಇಳಿದು ಪೂರ್ವಕ್ಕೆ ಬಂದರೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟು. ಸುಮಾರು 104 ಚದರ ಕಿಲೋಮೀಟರ್ ಕಾಡು, ಅದರೊಳಗೆ ಚಿರತೆಗಳು, ನಗರಕ್ಕೆ ನೀರು ಕೊಡುವ ವಿಹಾರ್ ಮತ್ತು ತುಳಸಿ ಕೆರೆಗಳು. ಗೇಟಿನಿಂದ ಒಳಗಿನ ಬಸ್ಸು ಗುಹೆಗಳ ಬುಡಕ್ಕೆ ಬಿಡುತ್ತದೆ. ಸೋಮವಾರ ಬಾಗಿಲು ಹಾಕಿರುತ್ತದೆ. ಭಾನುವಾರ ಹೊರಡುವವರು ಹಿಂದಿನ ರಾತ್ರಿಯೇ ಹಳಿ ದುರಸ್ತಿಯ ಮೆಗಾಬ್ಲಾಕ್ ಯಾವ ಲೈನಿನಲ್ಲಿದೆ ಎಂದು ನೋಡಿಟ್ಟುಕೊಳ್ಳಿ.

ಕಾನ್ಹೇರಿ ಎಂದರೆ ಕೃಷ್ಣಗಿರಿ, ಕರಿಯ ಬೆಟ್ಟ. ನೂರಕ್ಕೂ ಹೆಚ್ಚು ಗುಹೆಗಳು ಒಂದೇ ಬೆಟ್ಟದ ಮೈಮೇಲೆ. ಸಾವಿರ ವರ್ಷದಷ್ಟು ಕಾಲ ಇಲ್ಲಿ ಉಳಿಯ ಸದ್ದು ಕೇಳಿಸುತ್ತಲೇ ಇತ್ತು. ಮೂರನೆಯ ಗುಹೆಯ ಚೈತ್ಯ ಕಾರ್ಲಾದ ಮಾದರಿಯದೇ, ಕೆತ್ತನೆ ಮಾತ್ರ ಅಷ್ಟು ನಯವಾಗಿಲ್ಲ. ಅದರ ಮೊಗಸಾಲೆಯ ಎರಡು ತುದಿಗಳಲ್ಲಿ ನಿಂತ ಎತ್ತರದ ಬುದ್ಧರನ್ನು ನೋಡಿ ಬಹಳ ಜನ ಅಲ್ಲಿಂದಲೇ ಹಿಂತಿರುಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಂಡೆಯಲ್ಲೇ ಕಡಿದ ಮೆಟ್ಟಿಲು ಹಿಡಿದು ಮೇಲೆ ಹೋಗಿ.

ಮೇಲೆ ಹೋದಂತೆ ಒಂದು ಸಂಗತಿ ಕಣ್ಣಿಗೆ ಬೀಳತೊಡಗುತ್ತದೆ. ಬಹುತೇಕ ಗುಹೆಗಳ ಬಾಗಿಲ ಪಕ್ಕದಲ್ಲಿ, ನೆಲಮಟ್ಟದಲ್ಲಿ, ಒಂದು ಚೌಕಾಕಾರದ ಬಾಯಿ. ಬಗ್ಗಿ ನೋಡಿದರೆ ಒಳಗೆ ಕಪ್ಪು ನೀರು, ಅದರಲ್ಲಿ ಆಕಾಶದ ಒಂದು ತುಂಡು. ಶಾಸನಗಳು ಇದನ್ನು ‘ಪೋಢಿ’ ಎನ್ನುತ್ತವೆ. ಬೆಟ್ಟದ ಬೆನ್ನಿನ ಮೇಲೆ ಬೆರಳಗಲದಿಂದ ಗೇಣಗಲದವರೆಗಿನ ತೋಡುಗಳನ್ನು ಕೊರೆದಿದ್ದಾರೆ. ಬಂಡೆಯ ಮೇಲೆ ಬಿದ್ದ ಮಳೆ ಆ ತೋಡುಗಳಲ್ಲಿ ಹರಿದು, ಗುಹೆಯ ಬಾಯಿಗೆ ಸುರಿಯದೆ ಪಕ್ಕಕ್ಕೆ ತಿರುಗಿ, ಈ ತೊಟ್ಟಿಗಳಿಗೆ ಇಳಿಯುತ್ತದೆ. ಒಂದು ತೋಡಿನ ಮೇಲೆ ಬೆರಳಿಟ್ಟು ಹತ್ತು ಹೆಜ್ಜೆ ನಡೆದೆ. ಅಂಚು ಇನ್ನೂ ಚೂಪಾಗಿತ್ತು, ತಳ ಮಾತ್ರ ನೀರು ಹರಿದು ನುಣುಪಾಗಿತ್ತು. ನಾಲ್ಕು ತಿಂಗಳು ಬಿಡದೆ ಸುರಿದು ಎಂಟು ತಿಂಗಳು ಒಂದು ಹನಿಯೂ ಬೀಳದ ಈ ಕರಾವಳಿಯಲ್ಲಿ ನೂರಾರು ಭಿಕ್ಷುಗಳು ಬದುಕಿದ್ದು ಈ ಲೆಕ್ಕಾಚಾರದ ಮೇಲೆ. ಪ್ರತಿ ಬೇಸಿಗೆಯಲ್ಲೂ ಟ್ಯಾಂಕರ್ ಕಾಯುವ ನಮ್ಮ ಹೌಸಿಂಗ್ ಸೊಸೈಟಿಗಳ ಪದಾಧಿಕಾರಿಗಳನ್ನೆಲ್ಲ ಒಮ್ಮೆ ಇಲ್ಲಿಗೆ ಕರೆತರಬೇಕು ಎಂಬುದು ನನ್ನ ಆಸೆ.

ಇಲ್ಲಿಯ ಗೋಡೆಗಳಲ್ಲಿ ಮೂರು ಸಂಸ್ಕೃತ ಶಾಸನಗಳು ಒಬ್ಬ ಚಕ್ರವರ್ತಿಯ ಹೆಸರು ಹೇಳುತ್ತವೆ: ಅಮೋಘವರ್ಷ. ಕ್ರಿ.ಶ. 843, 853 ಮತ್ತು 877ರ ಕಾಲದವು. ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರ ಪುಲ್ಲಶಕ್ತಿ, ಅವನ ಬಳಿಕ ಕಪರ್ದಿ, ಇಬ್ಬರೂ ಅಮೋಘವರ್ಷ ನೃಪತುಂಗನ ಸಾಮಂತರು. ದೂರದ ಗೌಡದೇಶದಿಂದ, ಎಂದರೆ ಬಂಗಾಳದಿಂದ, ಬಂದ ಉಪಾಸಕನೊಬ್ಬ ಇಲ್ಲಿಯ ಸಂಘಕ್ಕೆ ನೂರು ದ್ರಮ್ಮ ಕೊಟ್ಟದ್ದು ಅವುಗಳಲ್ಲೊಂದರಲ್ಲಿ ದಾಖಲಾಗಿದೆ. ಅದೇ ದಶಕಗಳಲ್ಲಿ ಅತ್ತ ಕಲಬುರಗಿ ಸೀಮೆಯ ಮಾನ್ಯಖೇಟದಲ್ಲಿ, ನೃಪತುಂಗನ ಆಸ್ಥಾನದಲ್ಲಿ, ಕವಿರಾಜಮಾರ್ಗ ರೂಪುಗೊಳ್ಳುತ್ತಿತ್ತು. ಶಾಲೆಯಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಆ ಹೆಸರು ಲೋಕಲ್ ರೈಲಿನ ಟಿಕೆಟ್ಟಿಗೆ ಸಿಗುವಷ್ಟು ಹತ್ತಿರದಲ್ಲಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಮುಂಬೈಯ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ಮಕ್ಕಳನ್ನು ಇಲ್ಲಿಗೆ ಕರೆತಂದರೆ ರಾಜ್ಯೋತ್ಸವದ ಎಷ್ಟೋ ಭಾಷಣಗಳಿಗಿಂತ ಅದು ಹೆಚ್ಚು ಎಂದು ನಾನು ನಂಬಿದ್ದೇನೆ.

ಇನ್ನೊಂದು ಗುಹೆಯಲ್ಲಿ ಪಹ್ಲವಿ ಲಿಪಿಯ ಬರಹಗಳಿವೆ. 1009ರಲ್ಲೂ 1021ರಲ್ಲೂ ಪಾರ್ಸಿಗಳ ತಂಡಗಳು ಇಲ್ಲಿಗೆ ಬಂದು, ಬಂದವರ ಹೆಸರುಗಳನ್ನು ಕೊರೆದು ಹೋಗಿವೆ. ಪೂಜೆಗಲ್ಲ, ದಾನಕ್ಕೂ ಅಲ್ಲ, ನೋಡುವುದಕ್ಕೆಂದು ಬಂದವರು! ಸಾವಿರ ವರ್ಷದ ಹಿಂದೆಯೇ ಇದು ಪ್ರವಾಸದ ಜಾಗವಾಗಿತ್ತು.

ಇನ್ನು ಕಡಲು. ಗೇಟ್‌ವೇಯಿಂದ ಒಂದು ತಾಸಿನ ದೋಣಿಯಲ್ಲಿ ಘಾರಾಪುರಿ, ಅಂದರೆ ಎಲಿಫೆಂಟಾ. ಅದಕ್ಕೂ ಸೋಮವಾರ ರಜೆ. ಸುಮಾರು ಐದೂವರೆ ಮೀಟರ್ ಎತ್ತರದ ಮೂರು ಮುಖದ ಸದಾಶಿವನ ಎದುರು ಯಾರ ವಿವರಣೆಯೂ ಬೇಕಿಲ್ಲ, ಅರ್ಧ ಗಂಟೆ ಸುಮ್ಮನೆ ಕುಳಿತರೆ ಸಾಕು. ಇಮ್ಮಡಿ ಪುಲಿಕೇಶಿ ನೂರಾರು ಹಡಗುಗಳೊಡನೆ ಪುರಿ ಎಂಬ ಕಡಲನಗರಿಯನ್ನು ಗೆದ್ದನೆಂದು 634ರ ಐಹೊಳೆ ಶಾಸನ ಹೇಳುತ್ತದಲ್ಲ, ಆ ಪುರಿ ಇದೇ ದ್ವೀಪ ಎನ್ನುವ ವಿದ್ವಾಂಸರಿದ್ದಾರೆ, ಒಪ್ಪದವರೂ ಇದ್ದಾರೆ.

ನನ್ನ ಮನಸ್ಸು ನಿಂತಿರುವುದು ಅಲಿಬಾಗ್‌ನ ಕುಲಾಬಾ ಕೋಟೆಯಲ್ಲಿ. ಭಾವುಚಾ ಧಕ್ಕಾದಿಂದ ಮಾಂಡ್ವಾಕ್ಕೆ 2020ರಿಂದ ರೋ-ರೋ ಹಡಗು ಓಡುತ್ತಿದೆ, ಅಲ್ಲಿಂದ ರಸ್ತೆ. ಶಿವಾಜಿಯ ಕೊನೆಗಾಲದಲ್ಲಿ ಶುರುವಾಗಿ ಸಂಭಾಜಿಯ ಕಾಲದಲ್ಲಿ ಮುಗಿದ ಕೋಟೆ, ಮರಾಠಾ ನೌಕಾನಾಯಕ ಕಾನ್ಹೋಜಿ ಆಂಗ್ರೆಯ ನೆಲೆ. 1721ರಲ್ಲಿ ಇಂಗ್ಲಿಷರೂ ಪೋರ್ಚುಗೀಸರೂ ಒಟ್ಟಾಗಿ ಬಂದು ಇದನ್ನು ಹಿಡಿಯಲಾಗದೆ ಹೋದರು. ಕಡಲಿಗೆ ಮುಖ ಮಾಡಿದ ಗೋಡೆಯ ದೊಡ್ಡ ಕಲ್ಲುಗಳ ನಡುವೆ ಗಾರೆ ಇಲ್ಲ. ಅಲೆ ಬಡಿದಾಗ ನೀರು ಸಂದುಗಳಲ್ಲಿ ನುಗ್ಗಿ ಹಿಂದೆ ಸರಿಯುತ್ತದೆ, ಅದರ ಪೆಟ್ಟು ಅಲ್ಲಿಗೇ ಮುಗಿಯುತ್ತದೆ. ಇಳಿತದಲ್ಲಿ ಕೋಟೆಗೆ ನಡೆದು ಹೋಗಬಹುದು, ಉಬ್ಬರದಲ್ಲಿ ದೋಣಿಯೇ ಗತಿ.

ಮೊದಲ ಸಲ ನಾನು ಗಡಿಯಾರ ನೋಡಿಕೊಂಡು ಹೋಗಿದ್ದೆ, ಸಮುದ್ರ ನೋಡಿರಲಿಲ್ಲ. ಮರಳುವಾಗ ನೀರು ಮೊಣಕಾಲು ದಾಟಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ತಡವರಿಸುತ್ತಿದ್ದಾಗ, ಮಳಿ ಚಿಪ್ಪು ಆರಿಸಿ ಮರಳುತ್ತಿದ್ದ ಕೋಳಿ ಹೆಂಗಸೊಬ್ಬಳು ತನ್ನ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಬಾ ಎಂದು ದಡ ಸೇರಿಸಿದಳು. ಈ ಕರಾವಳಿಯ ದೋಣಿಯವರ ಲೆಕ್ಕ ಆಮೇಲೆ ತಿಳಿಯಿತು: ತಿಥಿಯ ಮುಕ್ಕಾಲು ಪಾಲೇ ಉಬ್ಬರದ ಗಂಟೆ. ಚೌತಿಯೆಂದರೆ ನಾಲ್ಕರ ಮುಕ್ಕಾಲು, ಮೂರು ಗಂಟೆಗೆ ಉಬ್ಬರ. ಅದಕ್ಕೆ ಆರು ಗಂಟೆ ಮೊದಲು, ಬೆಳಿಗ್ಗೆ ಒಂಬತ್ತರ ಸುಮಾರಿಗೆ ಇಳಿತ. ಅಷ್ಟಮಿಯ ಇಳಿತ ನಡುಹಗಲಿಗೆ ಬಂದರೂ ಆ ದಿನಗಳಲ್ಲಿ ನೀರು ಪೂರಾ ಹಿಂದೆ ಸರಿಯುವುದಿಲ್ಲ. ಹಾಗಾಗಿ ಚೌತಿ-ಪಂಚಮಿಯ ಆಸುಪಾಸು ಒಳ್ಳೆಯದು. ಅಂದಾಜಿಗೆ ಪಂಚಾಂಗ ಸಾಕು. ಹೊರಡುವ ಮುನ್ನ ಉಬ್ಬರ-ಇಳಿತದ ಪಟ್ಟಿಯನ್ನೂ ನೋಡಿ, ದಡದ ದೋಣಿಯವರನ್ನೂ ಕೇಳಿ.

ಕಳೆದ ಚಳಿಗಾಲದಲ್ಲಿ ಬೈಂದೂರು ಕಡೆಯ ಇಬ್ಬರು ಹುಡುಗರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಕ್ಯಾಂಟೀನ್ ಕೆಲಸದವರು. ಮುಂಬೈಗೆ ಬಂದು ಎರಡು ವರ್ಷವಾಗಿದ್ದರೂ ಅಂಗಡಿ, ಕೋಣೆ, ಲೋಕಲ್ ಬಿಟ್ಟು ಬೇರೇನೂ ಕಂಡಿರಲಿಲ್ಲ. ಒದ್ದೆ ಮರಳಿನ ಮೇಲೆ ಬರಿಗಾಲಿಟ್ಟದ್ದೇ ತಡ, ಇಬ್ಬರೂ ಊರಿನ ಕಡಲಿನ ಮಾತಿಗೆ ಶುರುವಿಟ್ಟರು. ಕೋಟೆಯೊಳಗೆ ಗಣಪತಿ ಗುಡಿಯ ಬಳಿಯ ಸಿಹಿನೀರಿನ ತಾಣ ತೋರಿಸಿದೆ. ನಾಲ್ಕೂ ಸುತ್ತ ಉಪ್ಪುನೀರು, ನಡುವೆ ಇದು ಹೇಗೆ ಎಂದು ಚಿಕ್ಕವನು ನಂಬಲಿಲ್ಲ. ಬೊಗಸೆಯಲ್ಲಿ ತೆಗೆದು ನಾಲಿಗೆಗೆ ಮುಟ್ಟಿಸಿ ನೋಡಿದ. ಆಮೇಲೆ ತನ್ನ ಬಾಟಲಿಯ ನೀರು ಚೆಲ್ಲಿ ಇದನ್ನು ತುಂಬಿಕೊಂಡ. ಸಂಜೆ ಹಡಗಿನಲ್ಲೂ, ಆಮೇಲೆ ನಿಲ್ಲಲು ಜಾಗವಿಲ್ಲದ ಲೋಕಲ್‌ನಲ್ಲೂ, ಆ ಬಾಟಲಿಯನ್ನು ಅವನು ಎದೆಗವಚಿ ಹಿಡಿದಿದ್ದ. ಕೋಣೆಯಲ್ಲಿದ್ದ ಉಳಿದ ನಾಲ್ವರಿಗೆ ರುಚಿ ತೋರಿಸಬೇಕಂತೆ.