ಕುಟುಂಬದ ಕಾರು: ಹಿಂದಿನ ಸೀಟಿನಿಂದ ನೋಡಿದಾಗ

ಮನೆಗೆ ಕಾರು ಕೊಳ್ಳುವ ಮಾತು ಎದ್ದಾಗ ನಮ್ಮಲ್ಲಿ ಸಾಮಾನ್ಯವಾಗಿ ಗಂಡಸರೇ ಮಾತನಾಡುತ್ತಾರೆ. ಎಂಜಿನ್ ಎಂಥದು, ಮೈಲೇಜ್ ಎಷ್ಟು, ನಾಳೆ ಮಾರಿದರೆ ಎಷ್ಟು ಸಿಗುತ್ತದೆ ಎಂಬ ಲೆಕ್ಕವೆಲ್ಲ ಅವರದು. ಬಣ್ಣ ಯಾವುದಿರಲಿ ಎಂಬ ಒಂದು ಪ್ರಶ್ನೆ ಮಾತ್ರ ಅಡುಗೆಮನೆಯವರೆಗೆ ಬರುತ್ತದೆ. ಆದರೆ ಸಹೋದರಿಯರೇ, ಆ ಕಾರಿನ ಹಿಂದಿನ ಸೀಟಿನಲ್ಲಿ ಮಗುವಿನ ಜೊತೆ ಕುಳಿತುಕೊಳ್ಳುವವರು ನೀವು. ಮಂಡಿನೋವಿನ ಅತ್ತೆಯನ್ನು ಹತ್ತಿಸಿ ಇಳಿಸುವವರು ನೀವು. ಮಕ್ಕಳನ್ನು ಶಾಲೆಗೆ ಬಿಡಲು ಈಗ ಅನೇಕ ಮನೆಗಳಲ್ಲಿ ಸ್ಟಿಯರಿಂಗ್ ಹಿಡಿಯುವವರೂ ನೀವೇ. ಹೀಗಿರುವಾಗ ಕಾರಿನ ವಿಷಯ ನಿಮಗೇಕೆ ಬೇಡ?

ಇಂದು ಹೆಚ್ಚಿನ ಕುಟುಂಬಗಳು ಆಸೆಪಡುವುದು ಎತ್ತರವಾಗಿ ನಿಂತಿರುವ, ನೋಡಲು ಜೀಪಿನಂತಿರುವ ಸಣ್ಣ ಕಾರುಗಳನ್ನು. ಇವನ್ನು 'ಕಾಂಪ್ಯಾಕ್ಟ್ ಎಸ್‌ಯುವಿ' ಎನ್ನುತ್ತಾರೆ. ಉದಾಹರಣೆಗೆ 2017ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ನೆಕ್ಸಾನನ್ನು ತೆಗೆದುಕೊಳ್ಳೋಣ. ಇದನ್ನೇ ಕೊಳ್ಳಿರಿ ಎಂದು ಹೇಳುವುದು ನನ್ನ ಉದ್ದೇಶವಲ್ಲ. ಒಂದು ಕಾರನ್ನು ಸರಿಯಾಗಿ ನೋಡಲು ಕಲಿತರೆ ಬೇರೆ ಯಾವ ಕಾರನ್ನೂ ನೋಡಬಹುದು.

ಜೀಪಿನಂತೆ ಕಂಡರೂ ಜೀಪಲ್ಲ

ಹಳೆಯ ಜೀಪುಗಳಲ್ಲಿ ಕೆಳಗೆ ಕಬ್ಬಿಣದ ಏಣಿಯಂಥ ಚಾಸಿಸ್, ಅದರ ಮೇಲೆ ಬಾಡಿ ಇರುತ್ತದೆ. ಬೊಲೆರೊ ಇಂದಿಗೂ ಇದೇ ಕ್ರಮದಲ್ಲಿದೆ. ನೆಕ್ಸಾನ್‌ನಂಥ ಕಾರುಗಳಲ್ಲಿ ಚಾಸಿಸ್ ಮತ್ತು ಬಾಡಿ ಒಂದೇ. ಅಂದರೆ ಇದು ಎತ್ತರಿಸಿದ ಕಾರು. ಆದ್ದರಿಂದಲೇ ಕುಲುಕಾಟ ಕಡಿಮೆ, ಒಳಗೆ ಜಾಗ ಹೆಚ್ಚು. ಆದರೆ ಎಂಜಿನ್ನಿನ ಶಕ್ತಿ ಮುಂದಿನ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ. ಮಳೆಗಾಲದಲ್ಲಿ ಕೆಸರು ತುಂಬಿದ ತೋಟದ ದಾರಿಯಲ್ಲಿ ಜೀಪು ಹತ್ತಿದಂತೆ ಇದು ಹತ್ತೀತೆಂದು ನಂಬಬಾರದು.

ಇದರ ಉದ್ದ ನಾಲ್ಕು ಮೀಟರಿಗೆ ಕೂದಲೆಳೆಯಷ್ಟು ಕಡಿಮೆ. ಇದಕ್ಕೆ ಕಾರಣ ತೆರಿಗೆ. 2006ರ ಕೇಂದ್ರ ಬಜೆಟ್‌ನಲ್ಲಿ ನಾಲ್ಕು ಮೀಟರಿನೊಳಗಿನ, ಸಣ್ಣ ಎಂಜಿನ್ನಿನ ಕಾರುಗಳಿಗೆ ಅಬಕಾರಿ ಸುಂಕವನ್ನು ಶೇ. 24ರಿಂದ ಶೇ. 16ಕ್ಕೆ ಇಳಿಸಲಾಯಿತು. ಆ ಗೆರೆ ಇಂದಿಗೂ ಉಳಿದಿದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರದಂತೆ ಇಂಥ ಸಣ್ಣ ಕಾರಿಗೆ ಶೇ. 18, ದೊಡ್ಡದಕ್ಕೆ ಶೇ. 40. ಬೆಲೆಯ ದೊಡ್ಡ ವ್ಯತ್ಯಾಸ ಇಲ್ಲಿದೆ.

ಹತ್ತುವುದು, ಇಳಿಯುವುದು, ಕುಳಿತುಕೊಳ್ಳುವುದು

ಕಾರು ಬಂದಾಗ ಕಂಪೆನಿ ಹೇಳಿದ ಲೆಕ್ಕದಲ್ಲಿ ಅದರ ಹೊಟ್ಟೆಗೂ ನೆಲಕ್ಕೂ ಇದ್ದ ಅಂತರ 209 ಮಿಲಿಮೀಟರ್. ನಮ್ಮೂರ ರಸ್ತೆಯ ಹಂಪುಗಳಿಗೆ, ಮನೆ ಮುಂದಿನ ಚರಂಡಿ ಚಪ್ಪಡಿಗೆ ಇದು ಸಾಕಷ್ಟಾಯಿತು. ಆದರೆ ಐದು ಮಂದಿ ಕುಳಿತು ಸಾಮಾನು ತುಂಬಿದಾಗ ಕಾರು ತಗ್ಗುತ್ತದೆ, ಈ ಅಂತರವೂ ಕಡಿಮೆಯಾಗುತ್ತದೆ.

ಎತ್ತರದ ಸೀಟು ಮಂಡಿನೋವಿನವರಿಗೆ ಅನುಕೂಲ. ತಗ್ಗಿನ ಕಾರಿನಲ್ಲಿ ಕೆಳಗೆ ಕುಸಿದು ಕುಳಿತು ಮತ್ತೆ ಎದ್ದು ಬರಬೇಕು. ಇಲ್ಲಿ ಹೆಚ್ಚು ಬಗ್ಗಬೇಕಿಲ್ಲ. ಹಾಗಿದ್ದರೂ ತೀರಾ ಕುಳ್ಳಗಿರುವ ಅಜ್ಜಿಯರಿಗೆ ಹತ್ತುವಾಗ ಒಂದು ಕೈ ಆಸರೆ ಬೇಕಾದೀತು. ಹತ್ತುವಾಗ ಬುರ್ಖಾ ಅಥವಾ ಸೀರೆಯ ಅಂಚು ಬಾಗಿಲಿನ ಕೆಳಗಿನ ಪಟ್ಟಿಗೆ ತಾಗಿ ಮಣ್ಣಾಗುತ್ತದೆಯೇ, ಬಾಗಿಲು ಹಾಕಿದಾಗ ಹೊರಗೆ ಸಿಕ್ಕಿಕೊಳ್ಳುತ್ತದೆಯೇ ಎಂಬುದನ್ನು ಶೋರೂಮಿನಲ್ಲೇ ನೋಡಿರಿ. ಮಾರಾಟ ಮಾಡುವವರು ಇದನ್ನು ಹೇಳುವುದಿಲ್ಲ.

ಕಾರಿನ ಅಗಲ ಸುಮಾರು 1.8 ಮೀಟರ್. ಹಿಂದೆ ಇಬ್ಬರು ದೊಡ್ಡವರು ಮತ್ತು ಒಂದು ಮಗು ಆರಾಮವಾಗಿ ಕುಳಿತಾರು. ಮೂವರು ದೊಡ್ಡವರಾದರೆ ಊರಿನೊಳಗೆ ಸರಿ, ದೂರ ಪ್ರಯಾಣಕ್ಕೆ ಇಕ್ಕಟ್ಟು. ಡಿಕ್ಕಿಯಲ್ಲಿ ಆರಂಭದಲ್ಲಿ 350 ಲೀಟರ್ ಜಾಗವಿತ್ತು, 2023ರ ಹೊಸ ರೂಪದಲ್ಲಿ 382 ಆಯಿತು. 2024ರಲ್ಲಿ ಬಂದ ಸಿಎನ್‌ಜಿ ಮಾದರಿಯಲ್ಲಿ ಗ್ಯಾಸಿನ ಎರಡು ಸಿಲಿಂಡರ್‌ಗಳನ್ನು ನೆಲದಡಿ ಮಲಗಿಸಿದ್ದರಿಂದ 321 ಲೀಟರ್ ಉಳಿಯಿತು.

ಓಡಿಸುವವರಿಗೆ

ಎತ್ತರದಲ್ಲಿ ಕುಳಿತಾಗ ದೂರದ ರಸ್ತೆ ಚೆನ್ನಾಗಿ ಕಾಣುತ್ತದೆ. ಹೊಸದಾಗಿ ಕಲಿತವರಿಗೆ ಇದರಿಂದ ಧೈರ್ಯ ಬರುತ್ತದೆ. ಆದರೆ ಎತ್ತರದ ಕಾರಿನ ಹತ್ತಿರದಲ್ಲೇ ನಿಂತ ಪುಟ್ಟ ಮಗು ಕಾಣುವುದಿಲ್ಲ ಎಂಬುದೂ ಅಷ್ಟೇ ನಿಜ. ಅಂಗಳದಲ್ಲಿ ಹಿಂದಕ್ಕೆ ತೆಗೆಯುವಾಗ ಕ್ಯಾಮೆರಾ ಇದ್ದರೂ ಮಕ್ಕಳೆಲ್ಲ ಎಲ್ಲಿದ್ದಾರೆಂದು ಮೊದಲು ಎಣಿಸಿಕೊಳ್ಳಿರಿ.

ಪೆಟ್ರೋಲ್ ಎಂಜಿನ್ 1.2 ಲೀಟರಿನದು, ಟರ್ಬೊ ಇದೆ. ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಟರ್ಬೊ ತಡವಾಗಿ ಎಚ್ಚರಗೊಳ್ಳುತ್ತದೆ. ಓವರ್‌ಟೇಕ್ ಮಾಡುವ ಮೊದಲು ಒಂದು ಗೇರ್ ಇಳಿಸಿದರೆ ಮಾತ್ರ ಅದು ಚುರುಕಾಗಿ ಮುನ್ನುಗ್ಗುತ್ತದೆ. 1.5 ಲೀಟರಿನ ಡೀಸೆಲ್ ಎಂಜಿನ್ನಿಗೆ ಎಳೆಯುವ ಬಲ ಹೆಚ್ಚು. ಪೆಟ್ರೋಲಿನದು 170 ನ್ಯೂಟನ್ ಮೀಟರ್ ಇದ್ದರೆ ಡೀಸೆಲಿನದು 260. ಐವರು ಕುಳಿತು ಶಿರಾಡಿ ಅಥವಾ ಚಾರ್ಮಾಡಿ ಘಾಟಿ ಹತ್ತುವಾಗ ಈ ವ್ಯತ್ಯಾಸ ತಿಳಿಯುತ್ತದೆ. ಹಾಗೆಂದು ಡೀಸೆಲ್ ಎಲ್ಲರಿಗೂ ಹೊಂದುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಬಳಿಕ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ದೂರ ಓಡಿ ಬಿಸಿಯಾದಾಗ ಆ ಮಸಿ ಸುಟ್ಟುಹೋಗುತ್ತದೆ. ಮನೆಯಿಂದ ಶಾಲೆ, ಶಾಲೆಯಿಂದ ಮನೆ ಎಂದು ಮೂರ್ನಾಲ್ಕು ಕಿಲೋಮೀಟರ್ ಮಾತ್ರ ಓಡಿಸುವವರಿಗೆ ಫಿಲ್ಟರ್ ಕಟ್ಟಿಕೊಂಡು ತೊಂದರೆಯಾಗಬಹುದು. ಅಂಥವರಿಗೆ ಪೆಟ್ರೋಲೇ ಒಳ್ಳೆಯದು.

ಎತ್ತರದ ವಾಹನ ತಿರುವಿನಲ್ಲಿ ಹೆಚ್ಚು ವಾಲುತ್ತದೆ. ಚಾಲಕನಿಗೆ ಸ್ಟಿಯರಿಂಗ್ ಹಿಡಿತವಿರುವುದರಿಂದ ಅದು ಗೊತ್ತಾಗದು, ಹಿಂದೆ ಕುಳಿತ ಮಗುವಿಗೆ ವಾಂತಿಯಾದಾಗ ಗೊತ್ತಾಗುತ್ತದೆ. ಘಾಟಿ ಇಳಿಯುವಾಗ ಬ್ರೇಕನ್ನೇ ಒತ್ತಿ ಹಿಡಿಯದೆ ಕೆಳಗಿನ ಗೇರಿನಲ್ಲಿ ಇಳಿಸುವುದು ಬ್ರೇಕಿಗೂ ಹಿತ, ಮಗುವಿಗೂ ಹಿತ.

ನಕ್ಷತ್ರಗಳ ಅರ್ಥವೇನು?

ಇನ್ನು ಅತಿ ಮುಖ್ಯವಾದ ವಿಷಯಕ್ಕೆ ಬರೋಣ. 2018ರ ಡಿಸೆಂಬರ್‌ನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ ನೆಕ್ಸಾನ್ ಐದು ನಕ್ಷತ್ರ ಪಡೆಯಿತು. ಭಾರತದಲ್ಲಿ ತಯಾರಾಗಿ ಇಲ್ಲಿಯೇ ಮಾರಾಟವಾಗುವ ಕಾರೊಂದಕ್ಕೆ ಆ ಸಂಸ್ಥೆ ಐದು ನಕ್ಷತ್ರ ಕೊಟ್ಟದ್ದು ಅದೇ ಮೊದಲು. ಪತ್ರಿಕೆಗಳೂ ಜಾಹೀರಾತುಗಳೂ ಇದನ್ನು ದೊಡ್ಡದಾಗಿ ಹೇಳಿದವು. ಆದರೆ ಆ ಐದು ನಕ್ಷತ್ರ ದೊಡ್ಡವರ ರಕ್ಷಣೆಗೆ ಸಿಕ್ಕಿದ್ದು. ಮಕ್ಕಳ ರಕ್ಷಣೆಗೆ ಸಿಕ್ಕಿದ್ದು ಮೂರೇ ಎಂಬುದನ್ನು ಎಷ್ಟು ಮಂದಿ ತಾಯಂದಿರು ಓದಿದರು? ಮುಂದೆ 2023ರ ಹೊಸ ರೂಪದಲ್ಲಿ ಆರು ಏರ್‌ಬ್ಯಾಗ್, ಕಾರು ಜಾರದಂತೆ ತಡೆಯುವ ಇಎಸ್‌ಪಿ ಎಲ್ಲ ಮಾದರಿಗಳಿಗೂ ಬಂದವು. 2024ರ ಫೆಬ್ರವರಿಯಲ್ಲಿ ಹೆಚ್ಚು ಕಠಿಣವಾದ ಪರೀಕ್ಷೆಯಲ್ಲಿ ಮಕ್ಕಳ ವಿಭಾಗದಲ್ಲೂ ಐದು ನಕ್ಷತ್ರ ದೊರೆಯಿತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಗಂಟೆಗೆ 64 ಕಿಲೋಮೀಟರ್ ವೇಗದ ಈ ಪರೀಕ್ಷೆಯಲ್ಲಿ ಹದಿನೆಂಟು ತಿಂಗಳ ಮತ್ತು ಮೂರು ವರ್ಷದ ಮಗುವಿನ ಗಾತ್ರದ ಬೊಂಬೆಗಳನ್ನು ಇಡುತ್ತಾರೆ. ಇಡುವುದು ಹಿಂದಿನ ಸೀಟಿನಲ್ಲಿ, ಮಕ್ಕಳ ಸೀಟಿಗೆ ಬಿಗಿದು. ಯಾರ ಮಡಿಲಲ್ಲೂ ಅಲ್ಲ! ನಮ್ಮ ಮಗು ಮಡಿಲಲ್ಲಿದ್ದರೆ ಆ ಐದು ನಕ್ಷತ್ರಗಳಲ್ಲಿ ಒಂದೂ ಅದರದಲ್ಲ.

"ನಾನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ" ಎಂದು ನೀವು ಹೇಳಬಹುದು. ಲೆಕ್ಕ ಹಾಕಿ ನೋಡೋಣ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಡಿಕ್ಕಿಯಾಗಿ ಅರ್ಧ ಮೀಟರಿನೊಳಗೆ ನಿಂತಿತೆನ್ನಿ. ಆಗ 10 ಕಿಲೋ ತೂಕದ ಮಗುವನ್ನು ಹಿಡಿದಿಡಲು 200 ಕಿಲೋ ಭಾರ ಎತ್ತುವಷ್ಟು ಬಲ ಬೇಕು. ಯಾವ ತಾಯಿಯ ತೋಳಿಗೆ ಆ ಶಕ್ತಿಯಿದೆ? ಮುಂದಿನ ಸೀಟಿನಲ್ಲಿ ಮಗುವನ್ನು ಮಡಿಲಲ್ಲಿಟ್ಟು ಕುಳಿತರಂತೂ ಏರ್‌ಬ್ಯಾಗೇ ಮಗುವಿಗೆ ಬಡಿಯುತ್ತದೆ.

ಹಿಂದೆ ಕುಳಿತವರಿಗೆ ಬೆಲ್ಟ್ ಬೇಡ ಎಂಬ ತಪ್ಪು ಕಲ್ಪನೆಯೂ ನಮ್ಮಲ್ಲಿದೆ. 2022ರ ಸೆಪ್ಟೆಂಬರ್‌ನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಪಾಲ್ಘರ್ ಬಳಿ ಅಪಘಾತದಲ್ಲಿ ತೀರಿಕೊಂಡರು. ಅದು ಬಹಳ ಬೆಲೆಬಾಳುವ ಕಾರು. ಮುಂದೆ ಕುಳಿತಿದ್ದ ಇಬ್ಬರು ಬದುಕಿದರು. ಹಿಂದೆ ಕುಳಿತಿದ್ದ ಇಬ್ಬರೂ ಉಳಿಯಲಿಲ್ಲ. ಅವರು ಬೆಲ್ಟ್ ಕಟ್ಟಿರಲಿಲ್ಲವೆಂದು ಪೊಲೀಸರು ತಿಳಿಸಿದ್ದರು. ಹಿಂದಿನವರೂ ಬೆಲ್ಟ್ ಕಟ್ಟಬೇಕೆಂಬ ನಿಯಮ ಮೊದಲಿನಿಂದಲೇ ಇದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಂತೆ 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರಪಡಿಸದೆ ಕರೆದೊಯ್ಯುವುದು ದಂಡಾರ್ಹ.

ಗರ್ಭಿಣಿಯರು ಬೆಲ್ಟ್ ಬಿಡಬೇಕಾಗಿಲ್ಲ. ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಹೊಟ್ಟೆಯ ಕೆಳಗೆ ಸೊಂಟದ ಮೂಳೆಗೆ ಒತ್ತಿ ಬರಬೇಕು. ಮೇಲಿನ ಪಟ್ಟಿ ಎದೆಯ ನಡುವೆ ಹಾದುಹೋಗಬೇಕು. ಬುರ್ಖಾದ ಮಡಿಕೆಗಳನ್ನು ಸರಿಪಡಿಸಿ ಬೆಲ್ಟ್ ಮೈಗೆ ಹತ್ತಿರವಿರುವಂತೆ ನೋಡಿಕೊಳ್ಳಿರಿ.

ಶೋರೂಮಿಗೆ ಹೋಗುವಾಗ

ಕಾರು ನೋಡಲು ಹೋಗುವಾಗ ಅತ್ತೆಯನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಿರಿ. ಓಡಿಸಿ ನೋಡುವಾಗ ನೀವು ಒಂದು ಸಲ ಹಿಂದೆ, ಒಂದು ಸಲ ಚಾಲಕರ ಸೀಟಿನಲ್ಲಿ ಕುಳಿತುಕೊಳ್ಳಿರಿ. ನಡುವಿನ ಸೀಟಿಗೂ ಭುಜದ ಮೇಲೆ ಬರುವ ಬೆಲ್ಟ್ ಇದೆಯೇ, ಮಕ್ಕಳ ಸೀಟು ಸಿಕ್ಕಿಸುವ ಐಸೊಫಿಕ್ಸ್ ಕೊಂಡಿಗಳು ಎಲ್ಲಿವೆ ಎಂದು ಕೇಳಿರಿ. ನಕ್ಷತ್ರ ಎಷ್ಟು ಎಂದಷ್ಟೇ ಕೇಳಿದರೆ ಸಾಲದು. ಮಕ್ಕಳಿಗೆ ಎಷ್ಟು, ಯಾವ ವರ್ಷದ ಪರೀಕ್ಷೆ ಎಂದೂ ಕೇಳಿರಿ. ಹಳೆಯ ಕಾರು ಕೊಳ್ಳುವವರಿಗೆ ಇದು ಇನ್ನೂ ಅಗತ್ಯ. 2018ರ ನೆಕ್ಸಾನ್ ಮತ್ತು 2024ರ ನೆಕ್ಸಾನ್ ಹೆಸರಿನಲ್ಲಿ ಒಂದೇ, ರಕ್ಷಣೆಯಲ್ಲಿ ಒಂದೇ ಅಲ್ಲ.

ಸನ್‌ರೂಫ್‌ಗೆಂದು, ದೊಡ್ಡ ಪರದೆಗೆಂದು ಹೆಚ್ಚು ಹಣ ಕೊಡಲು ಮನೆಯವರು ಮುಂದಾದರೆ ಅದರ ಒಂದು ಭಾಗದಲ್ಲಿ ಮಗುವಿಗೊಂದು ಸೀಟು ಮೊದಲು ಬರಲಿ ಎಂದು ಹೇಳಿರಿ. ಆ ಸೀಟಿನಲ್ಲಿ ಮಗು ಮೊದಮೊದಲು ಅಳುತ್ತದೆ, ಹಟ ಮಾಡುತ್ತದೆ. ಅಳಲಿ. ನಾಲ್ಕು ದಿನದಲ್ಲಿ ಅಭ್ಯಾಸವಾಗುತ್ತದೆ.