ಗಿಲಾವು ಇಲ್ಲದ ಗೋಡೆಗಳು

ಕಳೆದ ಬೇಸಗೆಯ ರಜೆಯಲ್ಲಿ ಹೆಗಲಿಗೊಂದು ಕ್ಯಾಮೆರಾ ಏರಿಸಿಕೊಂಡು ಬೆಂಗಳೂರಿಗೆ ಹೊರಟೆ. ಮುದ್ದೇಬಿಹಾಳದಲ್ಲಿ ಹಳಗನ್ನಡ ಪಾಠ ಹೇಳುವವನಿಗೆ ಇದೆಂಥ ಹುಚ್ಚು ಎಂದು ಮಿತ್ರರು ನಕ್ಕರು. ವಿಧಾನಸೌಧವನ್ನು ಬಿಟ್ಟು ಬರಿಯ ಕಾಂಕ್ರೀಟಿನ ಕಟ್ಟಡಗಳ ಚಿತ್ರ ತೆಗೆಯುವೆನೆಂದಾಗ ಆ ನಗೆ ಇಮ್ಮಡಿಸಿತು.

ಬನ್ನೇರುಘಟ್ಟ ರಸ್ತೆಯಲ್ಲಿ ಭಾರತೀಯ ನಿರ್ವಹಣಾ ಸಂಸ್ಥೆಯ ಆವರಣವಿದೆ. ಬಾಲಕೃಷ್ಣ ದೋಶಿಯವರು 1977ರ ಸುಮಾರಿಗೆ ರೂಪಿಸತೊಡಗಿದ ಈ ಕಟ್ಟಡಗಳಿಗೆ ಫತೇಪುರ ಸಿಕ್ರಿಯೇ ಸ್ಫೂರ್ತಿಯಂತೆ. ಅನುಮತಿ ಪಡೆದು ಒಳಹೊಕ್ಕೆ. ಬೂದುಬಣ್ಣದ ಒರಟು ಕಲ್ಲು, ಬೆತ್ತಲೆ ಕಾಂಕ್ರೀಟಿನ ಕಂಬಗಳು, ಮೇಲಿನ ತೊಲೆಗಳ ಸಂದಿನಿಂದ ಇಳಿಯುವ ಬಿಸಿಲು, ಅದರ ಬೆನ್ನಿಗೇ ನೆರಳು. ಆ ನಡುಮನೆಗಳಂಥ ಓಣಿಗಳಲ್ಲಿ ನಡೆಯುವವನಿಗೆ ಹೊತ್ತು ಸರಿಯುವುದು ಕಣ್ಣಿಗೆ ಕಾಣುತ್ತದೆ.

ಜೊತೆಗೆ ಸಿಂದಗಿ ಕಡೆಯ ಗೌಂಡಿಯೊಬ್ಬರಿದ್ದರು; ಹೊಟ್ಟೆಪಾಡಿಗೆ ರಾಜಧಾನಿ ಸೇರಿದವರು. ಕಂಬವನ್ನು ದಿಟ್ಟಿಸಿ, “ಸರ, ಇದಕ್ಕ ಗಿಲಾವ ಮಾಡೂದು ಮರತಾರೇನ್ರಿ?” ಎಂದರು.

ಅವರ ಪ್ರಶ್ನೆ ಸಹಜವಾದುದೇ. ಈ ಶೈಲಿಗೆ ‘ಬ್ರೂಟಲಿಸಂ’ ಎಂದು ಹೆಸರು. ಕೇಳಿದವರಿಗೆ ಕ್ರೌರ್ಯ ನೆನಪಾಗುತ್ತದೆ. ಆದರೆ ಹೆಸರಿನ ಬೇರು ಕಚ್ಚಾ ಕಾಂಕ್ರೀಟು ಎಂಬರ್ಥದ ಫ್ರೆಂಚ್ ಮಾತಿನಲ್ಲಿದೆ. ಚಂಡೀಗಢವನ್ನು ರೂಪಿಸಿದ ಲ ಕಾರ್ಬೂಸಿಯೆ ಆ ಮಾತನ್ನು ಬಳಕೆಗೆ ತಂದವರು. ದೋಶಿಯವರು ಪ್ಯಾರಿಸಿನಲ್ಲಿ ಅವರ ಕೈಕೆಳಗೆ ದುಡಿದವರು.

ಇಂಥ ಗೋಡೆಗಳ ಚಿತ್ರ ತೆಗೆಯುವುದು ಸುಲಭವಲ್ಲ. ನಡುಹಗಲಿನ ಬೆಳಕಿನಲ್ಲಿ ಗೋಡೆ ಸಪ್ಪೆಯಾಗಿ ಕಾಣುತ್ತದೆ. ಬೆಳಗಿನ ಓರೆಬಿಸಿಲು ಬಿದ್ದರೆ ಒಂದೊಂದು ಗೆರೆಯೂ ಎದ್ದುನಿಲ್ಲುತ್ತದೆ. ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಿದರೆ ಕಂಬಗಳು ಒಂದಕ್ಕೊಂದು ಒರಗಿದಂತಾಗುತ್ತವೆ. ದೂರ ಸರಿದು, ನೆಟ್ಟಗೆ ಹಿಡಿದು ಕಾಯಬೇಕು.

ನಾನು ಕಾಯುತ್ತಿದ್ದಾಗ ಗೌಂಡಿಯವರು ಕಂಬದ ಮೇಲೆ ಅಂಗೈ ಆಡಿಸಿದರು. “ಇದು ಹಲಗಿ ಗುರುತು ನೋಡ್ರಿ ಸರ. ಸೆಂಟ್ರಿಂಗ ಮಾಡಿದವನ ಕೆಲಸ ಕಾಣತೈತಿ. ಗಿಲಾವ ಮಾಡಿದ್ರ ಮುಚ್ಚಿಹೋಗತಿತ್ತು.”

ಪುಸ್ತಕಗಳಿಂದ ನಾನು ತಿಳಿಯದುದನ್ನು ಅವರ ಅಂಗೈ ತಿಳಿದಿತ್ತು.

ದೆಹಲಿಯಲ್ಲಿ ರಾಜ್ ರೇವಾಲರು ರಚಿಸಿದ, 1972ರ ‘ಹಾಲ್ ಆಫ್ ನೇಷನ್ಸ್’ ಭವನವನ್ನು 2017ರಲ್ಲಿ ಕೆಡವಿದರು. ನಮ್ಮ ವಿಜಯಪುರದ ಬಾರಾಕಮಾನು ಅಪೂರ್ಣವಾಗಿಯೇ ಮೂರು ಶತಮಾನ ದಾಟಿತು. ಪೂರ್ಣವಾಗಿದ್ದ ಆ ಭವನ ಅರ್ಧ ಶತಮಾನವನ್ನೂ ಕಾಣಲಿಲ್ಲ. ಹಳೆಯದೆಂದು ಗೌರವಿಸಲು ತೀರ ಹೊಸದು, ಹೊಸದೆಂದು ಮೆಚ್ಚಲು ತೀರ ಹಳೆಯದು. ಇಂಥವುಗಳ ಪಾಡೇ ಇದು.

ನನ್ನ ಹುಚ್ಚಿಗೆ ಇನ್ನೊಂದು ಕಾರಣವೂ ಉಂಟು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟು ನಮ್ಮ ನೆರೆಯ ಬಸವನ ಬಾಗೇವಾಡಿ ಸೀಮೆಯದು. ಅದರ ಹಿನ್ನೀರು ಏರಿದಾಗ ನಾನಿನ್ನೂ ವಿದ್ಯಾರ್ಥಿ. ತಾಯಿಯ ತವರುಮನೆ ಮುಳುಗಿತು. ನೀರು ಬಂದು ನಮ್ಮ ಹೊಲಗಳು ಹಸಿರಾದುವು, ನಿಜ. ಆದರೆ ಆ ಮನೆಯ ಒಂದು ಚಿತ್ರವೂ ನಮ್ಮಲ್ಲಿಲ್ಲ. ತಲಬಾಗಿಲ ಕೆತ್ತನೆ ಹೇಗಿತ್ತೆಂದು ಅವ್ವ ಈಗಲೂ ಗಾಳಿಯಲ್ಲಿ ಬೆರಳಾಡಿಸಿ ತೋರಿಸುತ್ತಾಳೆ, ನನಗೆ ಅರ್ಥವಾಗುವುದಿಲ್ಲ.

ಆ ದಿನ ತೆಗೆದ ಚಿತ್ರಗಳಲ್ಲಿ ಒಂದು, ಕಂಬದ ಮೇಲೆ ಗೌಂಡಿಯವರ ಅಂಗೈ ಇರುವುದು. ಅದನ್ನು ಸಿಂದಗಿಯ ಅವರ ಮನೆಗೆ ಕಳುಹಿಸಿಕೊಟ್ಟಿದ್ದೇನೆ.